ತರಂಗಂಬಾಡಿಯ ಸೆರೆಯಾಳು

ಚೋಳಮಂಡಲದ ಕಡಲತೀರದಲ್ಲಿ, ನಾಗಪಟ್ಟಣಕ್ಕೆ ಉತ್ತರವಾಗಿ, ತರಂಗಂಬಾಡಿಯೆಂಬ ಸಣ್ಣ ಪಟ್ಟಣವೊಂದಿದೆ. ಅಲೆಗಳು ಹಾಡುವ ಊರು ಎಂದು ಆ ಹೆಸರಿಗೆ ಅರ್ಥ ಹೇಳುವರು. ಹೆಸರು ಎಷ್ಟೇ ಇಂಪಾಗಿದ್ದರೂ, ೧೭೦೬ನೆಯ ಇಸವಿ ಜುಲೈ ೯ನೆಯ ದಿನ ಅಲ್ಲಿ ಹಡಗಿನಿಂದಿಳಿದ ಇಬ್ಬರು ಜರ್ಮನ್ ತರುಣರಿಗೆ ದೊರೆತ ಸ್ವಾಗತದಲ್ಲಿ ಇಂಪೇನೂ ಇರಲಿಲ್ಲ. ಊರ ಹೊರಗೆ ಬಹಳ ಹೊತ್ತು ಅವರನ್ನು ಕಾಯಿಸಿದರು. ಸಂಜೆಯಾಗುತ್ತ ಬಂದಾಗ ಕೋಟೆಯ ಗವರ್ನರು ಪರಿವಾರದೊಡನೆ ಬಂದು, ಯಾರು, ಏಕೆ ಬಂದಿರಿ ಎಂದು ಬಿರುಸಾಗಿ ಕೇಳಿದನು. ತಮ್ಮನ್ನು ಕಳುಹಿಸಿದವನು ಆ ಗವರ್ನರಿಗೂ ಒಡೆಯನಾದ ಡೆನ್ಮಾರ್ಕಿನ ದೊರೆಯೆಂದು ಅವರು ಅರಿಕೆಮಾಡಿಕೊಂಡರೂ ಅವನ ಮುಖ ಸಡಿಲಲಿಲ್ಲ. ಅವನ ಹಿಂದೆ ಹಿಂದೆ ಊರೊಳಕ್ಕೆ ನಡೆದು ಬಂದ ಅವರು ಕಡೆಗೆ ಪೇಟೆಯ ನಡುವೆ, ಗುರುತಿಲ್ಲದ ನಾಡಿನಲ್ಲಿ, ಒಂಟಿಯಾಗಿ ನಿಂತರು. ಕಂಪೆನಿಯ ನೌಕರನೊಬ್ಬನು ಮರುಕಗೊಂಡು ಆ ರಾತ್ರಿಗೆ ಆಸರೆ ಕೊಡಿಸಿದನು.

ಹಾಗೆ ನಿಂತಿದ್ದ ಇಬ್ಬರಲ್ಲಿ ಕಿರಿಯನ ಹೆಸರು ಬಾರ್ತೊಲೊಮೇಯಸ್ ಜೀಗೆನ್‌ಬಾಲ್ಗ್. ಹಿರಿಯನು ಹೈನ್‌ರಿಚ್ ಪ್ಲ್ಯೂಟ್‌ಷೌ. ಭಾರತಕ್ಕೆ ಬಂದ ಪ್ರಾಟೆಸ್ಟೆಂಟ್ ಮತಪ್ರಚಾರಕರಲ್ಲಿ ಇವರೇ ಮೊದಲಿಗರು. ಎರಡೂವರೆ ವರ್ಷ ಕಳೆಯುವುದರೊಳಗೆ ಜೀಗೆನ್‌ಬಾಲ್ಗನು ಅದೇ ಊರಿನ ಕೋಟೆಯಲ್ಲಿ ಸೆರೆಯಾಳಾದನು. ಸೆರೆಗೆ ನೂಕಿದವನು ತಂಜಾವೂರಿನ ಅರಸನಲ್ಲ, ಬ್ರಾಹ್ಮಣರೂ ಅಲ್ಲ, ಮುಸಲ್ಮಾನ ಅಧಿಕಾರಿಯೂ ಅಲ್ಲ. ಒಂದೇ ವೇದಗ್ರಂಥವನ್ನು ಓದುವ, ಒಂದೇ ಮಂದಿರದಲ್ಲಿ ಪ್ರಾರ್ಥನೆಗೆ ಕೂರುವ ಕ್ರೈಸ್ತ ಗವರ್ನರೇ ಈ ಕೆಲಸವನ್ನು ಮಾಡಿದನು. ಈ ಸೋಜಿಗ ಹೇಗೆ ಸಂಭವಿಸಿತು, ಅದರಿಂದ ನಾವು ತಿಳಿಯತಕ್ಕುದೇನು ಎಂಬುದನ್ನು ಈ ದಿನ ಕೊಂಚ ವಿಚಾರಮಾಡೋಣ.

ಮೊದಲು ಸ್ಥಳದ ಸಂಗತಿ. ಡೇನರು ಈ ಊರಿಗೆ ಬಂದುದು ೧೬೨೦ರಲ್ಲಿ. ತಂಜಾವೂರಿನ ರಘುನಾಥನಾಯಕನು ಅವರಿಗೆ ವ್ಯಾಪಾರಕ್ಕೆ ಅನುಮತಿ ಕೊಟ್ಟು, ಕಡಲ ಅಂಚಿನಲ್ಲಿ ಕೋಟೆಯೊಂದನ್ನು ಕಟ್ಟಲು ಒಪ್ಪಿದನು. ಆ ಕೋಟೆಗೆ ಅವರು ಡಾನ್ಸ್‌ಬೋರ್ಗ್ ಎಂದು ಹೆಸರಿಟ್ಟರು. ಮುಂದೆ ನಾಯಕರ ರಾಜ್ಯ ಅಳಿದು ತಂಜಾವೂರು ಮರಾಠರ ಕೈಸೇರಿತು; ನಮ್ಮ ಕಥೆಯ ಕಾಲಕ್ಕೆ ಅಲ್ಲಿ ಆಳುತ್ತಿದ್ದವನು, ಬೆಂಗಳೂರನ್ನು ಜಹಗೀರಾಗಿ ಪಡೆದಿದ್ದ ಷಹಾಜಿಯ ಮೊಮ್ಮಗ. ಅರಸು ಮನೆತನ ಬದಲಾದರೂ ಡೇನರ ವ್ಯಾಪಾರ ನಿಲ್ಲಲಿಲ್ಲ. ಅವರ ಕಂಪೆನಿಗೆ ಬೇಕಾಗಿದ್ದುದು ಮೆಣಸು, ಬಟ್ಟೆ, ಅವುಗಳ ಲಾಭ. ಎಂಬತ್ತಕ್ಕೂ ಹೆಚ್ಚು ವರ್ಷಕಾಲ ಅವರು ಅಲ್ಲಿದ್ದರೂ ಸುತ್ತಣ ಜನರಿಗೆ ಮತಬೋಧೆಮಾಡುವ ಯೋಚನೆಯನ್ನು ಇಟ್ಟುಕೊಂಡಿರಲಿಲ್ಲ.

ಯೋಚನೆ ಹುಟ್ಟಿದುದು ದೊರೆ ನಾಲ್ಕನೆಯ ಫ್ರೆಡರಿಕನ ಮನಸ್ಸಿನಲ್ಲಿ. ತನ್ನ ನಾಡಿನಲ್ಲಿ ತಕ್ಕವರು ದೊರೆಯದೆ ಹೋಗಲು ಅವನ ಆಸ್ಥಾನದ ಧರ್ಮಗುರು ಜರ್ಮನಿಯಲ್ಲಿ ಹುಡುಕಿಸಿದನು. ಅಲ್ಲಿ ಹಾಲೆಯೆಂಬ ಪಟ್ಟಣದಲ್ಲಿ ಆಗಸ್ಟ್ ಹರ್ಮನ್ ಫ್ರಾಂಕೆ ಎಂಬ ಮಹನೀಯನು ಅನಾಥಾಲಯವನ್ನೂ ಪಾಠಶಾಲೆಗಳನ್ನೂ ನಡೆಸುತ್ತಿದ್ದನು. ಧರ್ಮವೆಂಬುದು ಬಾಯಲ್ಲಿ ಹೇಳುವ ಸಿದ್ಧಾಂತವಲ್ಲ, ನಡತೆಯಲ್ಲಿ ತೋರಬೇಕಾದ ಭಕ್ತಿ ಎಂಬುದು ಅವನ ಪಂಥದವರ ನಂಬಿಕೆ. ಜೀಗೆನ್‌ಬಾಲ್ಗನು ಆ ಗರಡಿಯಲ್ಲಿ ಪಳಗಿದವನು. ೧೬೮೨ರಲ್ಲಿ ಸ್ಯಾಕ್ಸನಿಯ ಪುಲ್ಸ್‌ನಿಟ್ಸ್ ಎಂಬ ಊರಿನಲ್ಲಿ ಹುಟ್ಟಿ, ಎಳೆವಯಸ್ಸಿನಲ್ಲೇ ತಂದೆತಾಯಿಗಳನ್ನು ಕಳೆದುಕೊಂಡಿದ್ದನು; ಶರೀರವೂ ಅಷ್ಟೇನೂ ಗಟ್ಟಿಯಾದುದಲ್ಲ. ೧೭೦೫ರ ನವೆಂಬರಿನಲ್ಲಿ ಕೋಪನ್‌ಹೇಗನ್ನಿನಿಂದ ಹೊರಟು, ಏಳು ತಿಂಗಳಿಗೂ ಮೀರಿ ಕಡಲಲ್ಲಿ ತೇಲಿ ಅವನು ತರಂಗಂಬಾಡಿಯನ್ನು ಮುಟ್ಟಿದಾಗ ವಯಸ್ಸು ಇಪ್ಪತ್ತನಾಲ್ಕು.

ದೊರೆಯ ಇಚ್ಛೆ ಬೇರೆ, ಕಂಪೆನಿಯ ಇಚ್ಛೆ ಬೇರೆ. ಪಾದ್ರಿಗಳು ಬಂದರೆ ಜನ ಕೆರಳಿಯಾರು, ವ್ಯಾಪಾರ ಕೆಟ್ಟೀತು, ಗುಲಾಮರು ತಲೆಯೆತ್ತಿಯಾರು, ಇಲ್ಲಿ ನಡೆಯುವ ಸಂಗತಿಗಳು ಕಾಗದದ ಮೂಲಕ ದೊರೆಯ ಕಿವಿಗೆ ಬಿದ್ದಾವು ಎಂಬ ಅಂಜಿಕೆ ಕಂಪೆನಿಯವರಿಗಿದ್ದಿತು. ಗವರ್ನರ್ ಯೋಹಾನ್ ಸಿಗಿಸ್ಮುಂಡ್ ಹಾಸಿಯಸನು ಕಂಪೆನಿಯ ಮನುಷ್ಯ. ಆದಕಾರಣ ಬಂದರಿನಲ್ಲಿ ಕಂಡ ಆ ಸಿಡುಕು ಒಂದು ದಿನದ ಸಿಡುಕಲ್ಲ. ಅದರ ಹಿಂದೆ ಒಂದು ಲೆಕ್ಕಾಚಾರವಿದ್ದಿತೆಂಬುದನ್ನು ನಾವು ಮರೆಯಬಾರದು.

ಜೀಗೆನ್‌ಬಾಲ್ಗನು ಮಾಡಿದ ಮೊದಲ ಕೆಲಸ ಅಕ್ಷರಾಭ್ಯಾಸ. ತಮಿಳು ಉಪಾಧ್ಯಾಯನೊಬ್ಬನು ಮಠದ ಹುಡುಗರನ್ನೆಲ್ಲ ಕರೆದುಕೊಂಡು ಅವರ ಮನೆಗೇ ಬರುವಂತೆ ಏರ್ಪಾಡಾಯಿತು. ಯೂರೋಪಿನ ವಿಶ್ವವಿದ್ಯಾಲಯದಲ್ಲಿ ಹೀಬ್ರೂ ಗ್ರೀಕುಗಳನ್ನು ಓದಿ ಬಂದಿದ್ದ ಈ ಪಂಡಿತರು ಆ ಮಕ್ಕಳ ಸಾಲಿನಲ್ಲಿ ನೆಲದಮೇಲೆ ಕುಳಿತು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದಿದರು. ನಮ್ಮ ಹಿರಿಯರು ಕೂಲಿಮಠದಲ್ಲಿ ಮರಳಿನ ಮೇಲೆ ಓನಾಮ ತಿದ್ದಿದ ಬಗೆಯೂ ಇದೇ ಅಲ್ಲವೆ? ಹಲವು ಭಾಷೆಗಳನ್ನು ಬಲ್ಲ ಅಳಗಪ್ಪನೆಂಬ ದುಭಾಷಿಯೊಬ್ಬನ ನೆರವೂ ದೊರೆಯಿತು. ಸುಮಾರು ಎಂಟು ತಿಂಗಳಲ್ಲಿ ಜೀಗೆನ್‌ಬಾಲ್ಗನು ತಮಿಳಿನಲ್ಲಿ ತಡೆಯಿಲ್ಲದೆ ಮಾತನಾಡತೊಡಗಿದನು.

ಮಾತು ಬಂದಮೇಲೆ ಅವನ ಆಸೆ ಪುಸ್ತಕಗಳ ಕಡೆಗೆ ತಿರುಗಿತು. ಲಿಪಿಕಾರರನ್ನು ದೂರದ ಊರುಗಳಿಗೆ ಕಳುಹಿಸಿ, ಬ್ರಾಹ್ಮಣ ವಿಧವೆಯರ ಮನೆಗಳಲ್ಲಿ ಉಳಿದಿದ್ದ ತಾಳೆಗರಿಯ ಕಟ್ಟುಗಳನ್ನು ಕ್ರಯಕ್ಕೆ ಕೊಳ್ಳಿಸಿದನು. ಮಾರಲಾರದವರ ಗ್ರಂಥಗಳನ್ನು ಪ್ರತಿಮಾಡಿಸಿದನು. ೧೭೦೮ರ ಹೊತ್ತಿಗೆ ನೂರಕ್ಕೂ ಮೀರಿ ತಮಿಳು ಗ್ರಂಥಗಳು ಅವನಲ್ಲಿ ಕೂಡಿದ್ದವು. ಅವುಗಳೊಂದೊಂದರ ವಿಷಯವೇನು, ಯೋಗ್ಯತೆಯೇನು ಎಂದು ವಿವರಿಸಿ ಒಂದು ಪಟ್ಟಿಯನ್ನು ಬರೆದು ಯೂರೋಪಿಗೆ ಕಳುಹಿಸಿದನು. ಆ ಪಟ್ಟಿಯಲ್ಲಿ ತಿರುಕ್ಕುರಳಿಗೂ ಸ್ಥಳವುಂಟು. ಅದೇ ವರ್ಷ ನೀತಿವೆಣ್ಬಾ, ಕೊನ್ರೈವೇಂದನ್, ಉಲಕನೀತಿ ಎಂಬ ಮೂರು ನೀತಿಗ್ರಂಥಗಳನ್ನು ಜರ್ಮನ್ ಭಾಷೆಗೆ ತಿರುಗಿಸಿದನು. ಈ ಜನರನ್ನು ತನ್ನ ಮತಕ್ಕೆ ಸೇರಿಸಬೇಕೆಂದು ಬಂದವನು ಅವನು. ಆ ಗುರಿಯನ್ನು ಎಂದೂ ಮುಚ್ಚಿಡಲಿಲ್ಲ, ಬಿಡಲೂ ಇಲ್ಲ. ಆದರೆ ಇವರು ಅರಿವುಗೇಡಿಗಳೆಂದು ತಾನು ಯೂರೋಪಿನಲ್ಲಿ ಕೇಳಿದ್ದ ಮಾತು ಸುಳ್ಳೆಂಬುದನ್ನು ಪುಸ್ತಕ ಓದುತ್ತ ಕಂಡುಕೊಂಡನು, ಕಂಡುದನ್ನು ಬರೆದೂ ಬರೆದನು.

ಇತ್ತ ಅವನ ಕೈಯಿಂದ ದೀಕ್ಷಾಸ್ನಾನ ಪಡೆದವರು ಯಾರು? ೧೭೦೭ರ ಮೇ ತಿಂಗಳಲ್ಲಿ ಮೊದಲಿಗೆ ಬಂದವರು ಐವರು. ಐವರೂ ಡೇನಿಷ್ ಯಜಮಾನರ ಗುಲಾಮರು. ಆಗಸ್ಟಿನಲ್ಲಿ ಅವರಿಗಾಗಿ ಒಂದು ಸಣ್ಣ ಪ್ರಾರ್ಥನಾಮಂದಿರ ಎದ್ದಿತು. ಮತಾಂತರ ಹೊಂದಿದವರಿಗೆ ಬಂಧುಗಳ ಬಾಗಿಲು ಮುಚ್ಚಿತು; ಕುಲದಿಂದ ಹೊರಹಾಕಿದವರಿಗೆ ಅನ್ನವೂ ಆಸರೆಯೂ ಪಾದ್ರಿಯ ಮನೆಯಲ್ಲಿಯೇ ಆಗಬೇಕಾಯಿತು. ಹೀಗೆ ಅವನ ಸುತ್ತ ನೆರೆದವರು ಬಹುಮಟ್ಟಿಗೆ ಹೇಳಿಕೇಳುವವರಿಲ್ಲದವರು. ಹೇಳಿಕೇಳುವವರಿಲ್ಲದವರ ಪರವಾಗಿ ಮಾತನಾಡುವವನು ಇಂದಲ್ಲ ನಾಳೆ ಅಧಿಕಾರಕ್ಕೆ ಎದುರಾಗಲೇಬೇಕಷ್ಟೆ.

ಎದುರಾದ ಪ್ರಸಂಗ ನೋಡುವುದಕ್ಕೆ ಬಹಳ ಸಣ್ಣದು. ತರಂಗಂಬಾಡಿಯ ತಮಿಳು ಕ್ಷೌರಿಕನೊಬ್ಬನು ತೀರಿಹೋಗಿದ್ದನು. ಅವನಿಗೂ ಕಂಪೆನಿಯಲ್ಲಿ ದುಭಾಷಿಯಾಗಿದ್ದ ಕ್ಯಾಥೊಲಿಕ್ ಮನುಷ್ಯನೊಬ್ಬನಿಗೂ ನಡುವೆ ಸಾಲದ ವ್ಯವಹಾರವೊಂದು ಉಳಿದಿದ್ದಿತು. ಅದು ಈಗ ಕ್ಷೌರಿಕನ ವಿಧವೆಯ ತಲೆಯಮೇಲೆ ಬಂದಿತು. ಕಂಪೆನಿಯ ನೌಕರನ ಎದುರು ಕ್ಷೌರಿಕನ ಹೆಂಡತಿಯ ಮಾತು ಎಷ್ಟು ನಡೆದೀತೆಂಬುದನ್ನು ನಾವು ಊಹಿಸಿಕೊಳ್ಳಬಹುದು. ಆಕೆ ಜೀಗೆನ್‌ಬಾಲ್ಗನಲ್ಲಿ ಮೊರೆಯಿಟ್ಟಳು. ಅವನು ಗವರ್ನರಲ್ಲಿ ಒಂದು ಸಲವಲ್ಲ, ಹಲವು ಸಲ ಆಕೆಯ ಪರವಾಗಿ ನಡುವೆ ಬಂದನು. ಅದು ಫಲಿಸದಿರಲು, ಡೇನರ ಇಗರ್ಜಿಯಲ್ಲಿಯೇ ಗವರ್ನರ ಎದುರಿಗೆ ಮೊಳಕಾಲೂರಿ ಬೇಡಿಕೊಳ್ಳೆಂದು ಆಕೆಗೆ ಬುದ್ಧಿ ಹೇಳಿದನು.

ಹಾಸಿಯಸನಿಗೆ ಇದು ಸಹಿಸದಾಯಿತು. ದೇವರ ಸನ್ನಿಧಿಯಲ್ಲಿ, ಊರ ಬಿಳಿಯರೆಲ್ಲರ ಎದುರಿಗೆ, ತನ್ನ ನ್ಯಾಯವನ್ನು ಒಬ್ಬ ಬಡವೆ ಪ್ರಶ್ನಿಸುವಂತೆ ಮಾಡಿದರೆಂದು ಅವನು ಕೆರಳಿದನು. ಪಾದ್ರಿಯನ್ನು ಬರಹೇಳಿದನು. ಬರಹದಲ್ಲಿ ಕರೆ ಬಂದರೆ ಬರುವೆನೆಂದು ಜೀಗೆನ್‌ಬಾಲ್ಗನು ಹೇಳಿಕಳುಹಿಸಿದನು. ಬರಹಕ್ಕೆ ಬದಲಾಗಿ ಸಿಪಾಯಿಗಳು ಬಂದರು. ಗವರ್ನರ ಮುಂದೆ ನಿಲ್ಲಿಸಿ ಕೇಳಿದ ಪ್ರಶ್ನೆಗಳಿಗೆ ಅವನು ಉತ್ತರ ಕೊಡಲೊಪ್ಪಲಿಲ್ಲ. ೧೭೦೮ನೆಯ ನವೆಂಬರಿನಲ್ಲಿ ಡಾನ್ಸ್‌ಬೋರ್ಗಿನ ಬಾಗಿಲು ಅವನ ಹಿಂದೆ ಮುಚ್ಚಿತು.

ಇಲ್ಲಿ ನಾವು ಕ್ಷಣಕಾಲ ನಿಂತು ಎರಡು ಪಕ್ಷಗಳನ್ನೂ ತೂಗಿನೋಡುವುದು ನ್ಯಾಯ. ಜೀಗೆನ್‌ಬಾಲ್ಗನು ತಾಳ್ಮೆಯ ಮೂರ್ತಿಯಾಗಿರಲಿಲ್ಲ. ಅವನ ಸ್ವಭಾವದಲ್ಲಿ ಬಿಗಿ ಇದ್ದಿತು, ಮಾತಿನಲ್ಲಿ ಮೊನೆಯಿದ್ದಿತು. ವಿಧವೆಯನ್ನು ಇಗರ್ಜಿಯಲ್ಲಿ ಮೊಳಕಾಲೂರಿಸುವ ಉಪಾಯ ಗವರ್ನರನ್ನು ನಾಚಿಸಲೆಂದೇ ಹೂಡಿದುದೆಂದು ಯಾರಾದರೂ ಹೇಳಿದರೆ ಅದನ್ನು ಅಲ್ಲಗಳೆಯುವುದು ಕಷ್ಟ. ಪಟ್ಟಣದ ಶಾಂತಿಗೆ ಹೊಣೆಯಾದ ಅಧಿಕಾರಿಗೆ ತನ್ನ ನ್ಯಾಯಪೀಠದಲ್ಲಿ ಇನ್ನೊಬ್ಬನು ಕೈಹಾಕುವುದು ಹಿಡಿಸದು, ಅದೂ ಮನುಷ್ಯಸಹಜವೇ. ಆದರೂ ತೂಗುವ ತಕ್ಕಡಿಯಲ್ಲಿ ಒಂದು ಕಡೆ ಅಧಿಕಾರಿಯ ಮಾನವಿದೆ. ಇನ್ನೊಂದು ಕಡೆ ಗಂಡನಿಲ್ಲದ ಹೆಣ್ಣಿನ ಬದುಕಿದೆ. ಮೊದಲನೆಯದಕ್ಕೆ ಏಟು ಬಿದ್ದರೆ ಮಾಯುವುದು. ಎರಡನೆಯದು ಮುರಿದರೆ ಕೂಡುವ ಬಗೆಯಿಲ್ಲ. ಜೀಗೆನ್‌ಬಾಲ್ಗನ ನಡತೆಯಲ್ಲಿ ವಿನಯ ಸಾಲದೆ ಹೋಯಿತೆಂದು ನಾವು ಒಪ್ಪಬಹುದು. ಅವನು ಹಿಡಿದ ಪಕ್ಷ ತಪ್ಪೆಂದು ಒಪ್ಪಲಾರೆವು.

ಸೆರೆಯಲ್ಲಿ ಅವನಿಗೆ ಕೊಟ್ಟ ಕಠಿಣವಾದ ಶಿಕ್ಷೆ ಯಾವುದು? ಮೊದಮೊದಲು ಲೇಖನಿಯನ್ನೂ ಮಸಿಯನ್ನೂ ಕೊಡದೆ ಹೋದರು. ಇದರ ನೋವು ತಿಳಿಯಬೇಕಾದರೆ ಒಂದು ತಿಂಗಳು ಹಿಂದಕ್ಕೆ ಹೋಗಬೇಕು. ೧೭೦೮ರ ಅಕ್ಟೋಬರ್ ೧೭ರಂದು ಅವನು ಹೊಸ ಒಡಂಬಡಿಕೆಯನ್ನು ತಮಿಳಿಗೆ ತಿರುಗಿಸುವ ಕಾರ್ಯಕ್ಕೆ ತೊಡಗಿದ್ದನು. ಎರಡು ವರ್ಷ ಮರಳಿನಲ್ಲಿ ತಿದ್ದಿ, ತಾಳೆಗರಿಯಲ್ಲಿ ತಡಕಿ ಕೂಡಿಸಿದ ಮಾತಿನ ಭಂಡಾರವೆಲ್ಲ ಯಾವ ಕೆಲಸಕ್ಕೆಂದು ಸಿದ್ಧವಾಗಿದ್ದಿತೋ ಆ ಕೆಲಸದ ಮೊದಲ ಪುಟಗಳ ಮಸಿ ಆರುವ ಮೊದಲೇ ಕೈಯಿಂದ ಲೇಖನಿಯನ್ನು ಕಿತ್ತುಕೊಂಡಂತಾಯಿತು. ಬರಹವೇ ಉಸಿರಾದವನಿಗೆ ಅನ್ನ ನಿಲ್ಲಿಸುವುದಕ್ಕಿಂತ ಮಸಿ ನಿಲ್ಲಿಸುವುದು ದೊಡ್ಡ ದಂಡನೆ. ಮುಂದೆ ಬರೆಯುವ ಸಾಮಗ್ರಿ ಹೇಗೋ ದೊರಕಿದಾಗ ಅವನು ಸುಮ್ಮನೆ ಕೂರಲಿಲ್ಲ. ಕ್ರೈಸ್ತ ಜೀವನವನ್ನೂ ಬೋಧಕನ ಕರ್ತವ್ಯವನ್ನೂ ಕುರಿತು ಎರಡು ಗ್ರಂಥಗಳನ್ನು ಜರ್ಮನ್ ಭಾಷೆಯಲ್ಲಿ ಸೆರೆಯೊಳಗೇ ಬರೆದನು.

ನಾಲ್ಕು ತಿಂಗಳಿಗಿಂತ ತುಸು ಹೆಚ್ಚು ಕಾಲ ಹೀಗೆ ಕಳೆಯಿತು. ೧೭೦೯ರ ಮಾರ್ಚಿಯಲ್ಲಿ ಬಿಡುಗಡೆಯಾಯಿತು. ಆ ವರ್ಷವೇ ಯೂರೋಪಿನಿಂದ ಹೊಸ ಸಂಗಡಿಗರು ಬಂದರು. ಪ್ರಚಾರಕರಿಗೆ ನೆರವಾಗತಕ್ಕುದೆಂದು ದೊರೆಯ ಅಪ್ಪಣೆಯೂ ಬಂದಿತು. ಹಾಸಿಯಸನ ಮನಸ್ಸು ತಿರುಗಿತೋ ಇಲ್ಲವೋ, ಕೈಯಂತೂ ಕಟ್ಟಿತು. ಜೀಗೆನ್‌ಬಾಲ್ಗನು ಬಿಟ್ಟ ಪುಟದಿಂದಲೇ ಭಾಷಾಂತರವನ್ನು ಮುಂದುವರಿಸಿ ೧೭೧೧ರ ಮಾರ್ಚ್ ತಿಂಗಳ ಕೊನೆಗೆ ಮುಗಿಸಿದನು.

ಅದನ್ನು ಅಚ್ಚುಹಾಕಿಸಿದ ಕಥೆಯೂ ಒಂದು ಸಾಹಸವೇ. ಲಂಡನ್ನಿನ ಧರ್ಮಜ್ಞಾನ ಪ್ರಸಾರ ಸಂಘದವರು ಅಚ್ಚಿನ ಯಂತ್ರವೊಂದನ್ನು ಹಡಗಿನಲ್ಲಿ ಕಳುಹಿಸಿದರು. ದಾರಿಯಲ್ಲಿ ಬ್ರೆಜಿಲ್ ತೀರದ ಬಳಿ ಆ ಹಡಗು ಫ್ರೆಂಚರ ಕೈಗೆ ಸಿಕ್ಕಿತು. ಯಂತ್ರವು ಹೇಗೋ ಉಳಿಯಿತು. ಅದರೊಡನೆ ಹೊರಟಿದ್ದ ಮುದ್ರಕನು ತರಂಗಂಬಾಡಿಯನ್ನು ಕಾಣುವ ಮೊದಲೇ ಮಡಿದನು. ತಮಿಳು ಮೊಳೆಗಳನ್ನು ಹಾಲೆಯಲ್ಲಿ ಎರಕಹೊಯ್ದು ಕಳುಹಿಸಿದರು. ಅವು ದಪ್ಪವಾಗಿ ಕಾಗದವನ್ನು ನುಂಗತೊಡಗಲು, ಸಣ್ಣ ಮೊಳೆಗಳನ್ನು ತರಂಗಂಬಾಡಿಯಲ್ಲಿಯೇ ಹೊಯ್ದುಕೊಂಡರು. ಇಷ್ಟೆಲ್ಲ ಆಗಿ ತಮಿಳು ಹೊಸ ಒಡಂಬಡಿಕೆಯ ಮೊದಲ ಭಾಗ ೧೭೧೪ರಲ್ಲಿಯೂ ಉಳಿದುದು ೧೭೧೫ರಲ್ಲಿಯೂ ಹೊರಬಿದ್ದವು. ಪೋರ್ಚುಗೀಸರು ೧೫೭೮ರಲ್ಲಿಯೇ ಕೊಲ್ಲಂನಲ್ಲಿ ಒಂದು ಕಿರುಹೊತ್ತಗೆಯನ್ನು ತಮಿಳಿನಲ್ಲಿ ಅಚ್ಚುಹಾಕಿದ್ದರೂ ಆ ಉದ್ಯೋಗ ನಿಂತುಹೋಗಿದ್ದಿತು. ತರಂಗಂಬಾಡಿಯಲ್ಲಿ ಅದು ಮತ್ತೆ ಬೇರುಬಿಟ್ಟಿತು.

ಬೇರೊಂದು ಕೆಲಸವನ್ನೂ ಅವನು ಕೈಗೊಂಡನು. ತಮಿಳರ ನಡೆನುಡಿ, ದೇವತೆಗಳು, ಆಚಾರ ಇವುಗಳನ್ನು ಕುರಿತು ಅವರನ್ನೇ ಕಾಗದದ ಮೂಲಕ ಪ್ರಶ್ನೆ ಕೇಳಿ, ಬಂದ ಉತ್ತರಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ತನ್ನ ಸಂಗಡಿಗ ಗ್ರ್ಯೂಂಡ್ಲರನೊಡನೆ ಯೂರೋಪಿಗೆ ಒದಗಿಸಿದನು. ಆ ಉತ್ತರಗಳಲ್ಲಿ ಕ್ರೈಸ್ತರ ಮೇಲಣ ಟೀಕೆಗೂ ಕೊರತೆಯಿಲ್ಲ. ನೀವು ಕುಡಿಯುವಿರಿ, ಗೋವನ್ನು ಕೊಲ್ಲುವಿರಿ, ಶೌಚವನ್ನರಿಯಿರಿ. ನಿಮ್ಮ ಶಾಸ್ತ್ರ ಒಳ್ಳೆಯದಾದರೆ ನಿಮ್ಮವರ ನಡತೆ ಹೀಗೇಕೆ ಎಂಬ ತಾತ್ಪರ್ಯದ ಮಾತುಗಳಿವೆ. ತನ್ನವರ ಮೇಲೆ ಬಂದ ಈ ದೂರನ್ನು ಅವನು ಮರೆಮಾಚದೆ ತನ್ನವರಿಗೇ ಓದಿಸಿದನು. ಕ್ಷೌರಿಕನ ವಿಧವೆಯನ್ನು ಗವರ್ನರ ಮುಂದೆ ನಿಲ್ಲಿಸಿದ ಕೈಯೇ ಇಡೀ ಒಂದು ಜನಾಂಗದ ಆಕ್ಷೇಪಣೆಯನ್ನು ಯೂರೋಪಿನ ಮುಂದೆ ನಿಲ್ಲಿಸಿತೆಂದು ನಮಗೆ ತೋರುತ್ತದೆ.

ಇದಕ್ಕೆ ದೊರೆತ ಪ್ರತಿಫಲವೇನು? ದಕ್ಷಿಣದೇಶದ ದೇವತೆಗಳನ್ನು ಕುರಿತು ೧೭೧೩ರಲ್ಲಿ ಅವನು ಬರೆದ ದೊಡ್ಡ ಗ್ರಂಥವನ್ನು ಹಾಲೆಗೆ ಕಳುಹಿಸಿದಾಗ, ಅನ್ಯಮತವನ್ನು ಕಿತ್ತುಹಾಕುವುದು ನಿಮ್ಮ ಕೆಲಸವೇ ಹೊರತು ಅದನ್ನು ಯೂರೋಪಿನಲ್ಲಿ ಹರಡುವುದಲ್ಲವೆಂಬ ಭಾವದ ಉತ್ತರ ಗುರು ಫ್ರಾಂಕೆಯಿಂದಲೇ ಬಂದಿತು. ಆ ಗ್ರಂಥವು ಅಚ್ಚಿನ ಮುಖ ಕಂಡುದು ೧೮೬೭ರಲ್ಲಿ, ಮದರಾಸಿನಲ್ಲಿ. ೧೭೧೪ರಲ್ಲಿ ಅವನು ಸ್ವದೇಶಕ್ಕೆ ಹೋಗಿ, ಮದುವೆಯಾಗಿ, ೧೭೧೬ರಲ್ಲಿ ಹಿಂದಿರುಗಿದನು. ಆಗ ಕೋಪನ್‌ಹೇಗನ್ನಿನ ಪ್ರಚಾರ ಮಂಡಲಿಯ ಕಾರ್ಯದರ್ಶಿ ವೆಂಟನೆಂಬವನು, ಬೋಧಕರಿಗೆ ಕಟ್ಟಡವೇಕೆ, ಹಣವೇಕೆ ಎಂದು ಕಟುವಾದ ಕಾಗದಗಳನ್ನು ಬರೆಯತೊಡಗಿದನು. ಹೊಸದಾಗಿ ಕಟ್ಟಿಸಿದ ನವ ಯೆರೂಸಲೇಮ್ ಮಂದಿರದ ಪ್ರತಿಷ್ಠೆ ೧೭೧೮ರ ಅಕ್ಟೋಬರಿನಲ್ಲಿ ನಡೆಯಿತು. ಮೊದಲೇ ಬಳಲಿದ್ದ ಶರೀರ. ಅದರ ಮೇಲೆ ತನ್ನವರ ಬಿರುನುಡಿ. ೧೭೧೯ರ ಫೆಬ್ರವರಿ ೨೩ರಂದು ಅವನು ತೀರಿಕೊಂಡನು. ವಯಸ್ಸು ಮೂವತ್ತಾರು. ಅದೇ ಮಂದಿರದಲ್ಲಿ ಅವನ ಸಮಾಧಿಯಿದೆ.

ಈಗ ನಮ್ಮ ಮೊದಲ ಪ್ರಶ್ನೆಗೆ ಹಿಂದಿರುಗೋಣ. ಅವನ ಬಾಳಿನಲ್ಲಿ ಅವನನ್ನು ಹೆಚ್ಚಾಗಿ ನೋಯಿಸಿದವರು ಅನ್ಯಮತೀಯರಲ್ಲ; ಗವರ್ನರನೂ ಗುರುವೂ ಕಾರ್ಯದರ್ಶಿಯೂ ಅವನ ಮತದವರೇ. ಮತಕ್ಕಾಗಿ ಸೆರೆಯೆಂದರೆ ಎರಡು ಮತಗಳ ಹೋರಾಟವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ತರಂಗಂಬಾಡಿಯಲ್ಲಿ ನಡೆದುದು ಒಂದೇ ಮತದ ಒಳಗಣ ಹೋರಾಟ. ಪ್ರಾರ್ಥನೆಯಷ್ಟೇ ಮತವಾಗಿದ್ದರೆ ಹಾಸಿಯಸನಿಗೆ ಅದರಿಂದ ತೊಂದರೆಯಿರಲಿಲ್ಲ, ಅವನೂ ಪ್ರಾರ್ಥಿಸುತ್ತಿದ್ದನು. ಆ ನಂಬಿಕೆ ಇಗರ್ಜಿಯ ಹೊಸ್ತಿಲು ದಾಟಿ ಸಾಲದ ಲೆಕ್ಕದ ಪುಸ್ತಕವನ್ನು ತೆರೆದುನೋಡಿತು. ತೊಂದರೆ ಅಲ್ಲಿ ಹುಟ್ಟಿತು. ಯಾವ ಮತದಲ್ಲಾಗಲಿ, ಯಾವ ನಾಡಿನಲ್ಲಾಗಲಿ, ದಿಕ್ಕಿಲ್ಲದವರ ಪಕ್ಕದಲ್ಲಿ ಹೋಗಿ ನಿಲ್ಲುವ ಭಕ್ತಿಗೆ ಈ ಪರೀಕ್ಷೆ ತಪ್ಪಿದುದಲ್ಲ. ಕಲ್ಯಾಣದ ಶರಣರ ಕಥೆಯನ್ನು ಬಲ್ಲ ನಮಗೆ ಇದನ್ನು ಬೇರೆಯಾಗಿ ಬಿಡಿಸಿ ಹೇಳಬೇಕಾಗಿಲ್ಲ.

ಈ ಕಥೆಗೆ ಕನ್ನಡಿಗರಾದ ನಮಗೆ ಸಂಬಂಧಿಸಿದ ಒಂದು ಕೊನೆಯುಂಟು. ಬಂಗಾಳದಲ್ಲಿ ಡೇನರಿಗೆ ಸೇರಿದ ಇನ್ನೊಂದು ಪಟ್ಟಣವಿದ್ದಿತು, ಅದು ಶ್ರೀರಾಮಪುರ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಕಂಪೆನಿಯವರು ತಮ್ಮ ನೆಲದಲ್ಲಿ ಪ್ರಚಾರಕರನ್ನು ಸೇರಿಸದಿದ್ದಾಗ, ಶ್ರೀರಾಮಪುರದ ಡೇನಿಷ್ ಗವರ್ನರ್ ಓಲೆ ಬೀಯೆಂಬವನು ಅವರನ್ನು ಬಿಟ್ಟುಕೊಡದೆ ಆಸರೆಯಿತ್ತನು. ೧೮೦೦ರಲ್ಲಿ ವಿಲಿಯಂ ಕೇರಿಯು ಅಲ್ಲಿಗೆ ಬಂದು ನೆಲಸಿದನು, ಅಚ್ಚುಕೂಟ ತೆರೆಯಿತು. ಆ ಅಚ್ಚುಕೂಟದಿಂದಲೇ ೧೮೧೭ರಲ್ಲಿ ಕೇರಿಯ ಕನ್ನಡ ವ್ಯಾಕರಣವು ಹೊರಬಂದಿತು. ಕನ್ನಡ ಮೊಳೆಗಳಲ್ಲಿ ಅಚ್ಚಾದ ಅತ್ಯಂತ ಹಳೆಯ ಗ್ರಂಥಗಳಲ್ಲಿ ಅದೂ ಒಂದು. ಒಬ್ಬ ಡೇನಿಷ್ ಗವರ್ನರನು ಮಸಿಯನ್ನು ತಡೆದನು. ಸುಮಾರು ತೊಂಬತ್ತು ವರ್ಷಗಳ ಮೇಲೆ ಇನ್ನೊಬ್ಬ ಡೇನಿಷ್ ಗವರ್ನರನು ಮಸಿಗೆ ಕಾವಲು ನಿಂತನು.

ಡೇನರು ೧೮೪೫ರಲ್ಲಿ ತರಂಗಂಬಾಡಿಯನ್ನು ಇಂಗ್ಲಿಷರಿಗೆ ಮಾರಿ ಹೊರಟುಹೋದರು. ಮೆಣಸಿನ ಲಾಭ ಯಾರ ಕೈಸೇರಿತೋ ಯಾರೂ ಕೇಳುವುದಿಲ್ಲ. ಕಡಲು ಊರಿನ ಅಂಚನ್ನು ಕಚ್ಚುತ್ತಿದ್ದರೂ ಡಾನ್ಸ್‌ಬೋರ್ಗ್ ಕೋಟೆ ಇಂದಿಗೂ ನಿಂತಿದೆ, ಒಳಗೆ ವಸ್ತುಸಂಗ್ರಹಾಲಯವಿದೆ. ಕ್ಷೌರಿಕನ ವಿಧವೆಯ ಹೆಸರನ್ನು ನಾವಾಗಲಿ ನೀವಾಗಲಿ ಬಲ್ಲವರಲ್ಲ. ಆದರೆ ಅವಳಿಗಾಗಿ ಒಬ್ಬನು ಆ ಗೋಡೆಗಳ ನಡುವೆ ನಾಲ್ಕು ತಿಂಗಳು ಕುಳಿತಿದ್ದನೆಂಬ ಸಂಗತಿ ಚರಿತ್ರೆಯಲ್ಲಿ ಉಳಿದಿದೆ. ಆ ಕೋಟೆಯನ್ನು ನೋಡಲು ಹೋದವರು ಫಿರಂಗಿಗಳನ್ನು ಕಂಡು ಹಿಂದಿರುಗುವ ಮೊದಲು ಅವಳನ್ನು ಒಮ್ಮೆ ನೆನೆದರೆ ಸಾಕು.